ಬೋಗುಣಿ ಬಿಟ್ಟ ಬು ಸುಮಿರಾ

ಜಾವಾ ದ್ವೀಪದಲ್ಲಿ ರಾಜ್ಯಗಳು ಉರುಳಿವೆ, ಬೆಟ್ಟಗಳು ಬೆಂಕಿ ಕಾರಿವೆ. ನಮ್ಮ ಕ್ಲಾತೆನ್ ಊರಿನ ಮಸೀದಿ ಓಣಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಇಲ್ಲಿ ಕಾಲಕ್ಕೆ ಎರಡೇ ಭಾಗ: ಬು ಸುಮಿರಾ ಎಲೆಯಲ್ಲಿ ಅನ್ನ ಕೊಡುವುದಕ್ಕೆ ಮುಂಚೆ, ಕೊಟ್ಟ ಮೇಲೆ.

ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಏಳನೆಯ, ನಲವತ್ತನೆಯ, ನೂರನೆಯ ದಿನ ಓಣಿಯ ಗಂಡಸರು ಸೇರಿ ಪ್ರಾರ್ಥನೆ ಮಾಡುತ್ತೇವೆ. ಹೊರಡುವಾಗ ಮನೆಯವರು ಪ್ರತಿಯೊಬ್ಬನ ಕೈಗೂ ಅನ್ನ, ಕೋಳಿ, ಅಕ್ಕಿಯ ಅಪ್ಪ ತುಂಬಿದ ಹೊಸ ಪ್ಲಾಸ್ಟಿಕ್ ಬೋಗುಣಿ ಕೊಡಬೇಕು. ಅದರ ಮೇಲೆ ಸತ್ತವರ ಹೆಸರಿನ ಚೀಟಿ. ಬೋಗುಣಿ ದೊಡ್ಡದಾದಷ್ಟೂ ಸತ್ತವರು ದೊಡ್ಡವರು. ಅನ್ನ ಒಂದೇ ಹೊತ್ತಿಗೆ ಮುಗಿಯುತ್ತದೆ, ಬೋಗುಣಿಗೆ ಸಾವಿಲ್ಲ. ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುವುದು ದರ್ಜಿ ಸುಪಾರ್ಮಾನ್‌ನ ತಂದೆಯಲ್ಲಿ, ಬಟ್ಟೆ ನೆನೆಸುವುದು ಅವನ ಅತ್ತೆಯಲ್ಲಿ. ಬೆಕ್ಕು ಮಲಗುವುದು ಹಳೆಯ ಗ್ರಾಮಾಧಿಕಾರಿಯಲ್ಲಿ.

ಸೈಕಲ್ ರಿಪೇರಿಯ ಪಾಕ್ ದರ್ಸೊನೊ ತೀರಿಕೊಂಡರು. (ನಮ್ಮಲ್ಲಿ ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುತ್ತೇವೆ.) ಏಳನೆಯ ದಿನ ಅವರ ಹೆಂಡತಿ ಸುಮಿರಾ ಎಲ್ಲರಂತೆ ನೀಲಿ ಬೋಗುಣಿಯನ್ನೇ ಕೊಟ್ಟರು. ನಲವತ್ತನೆಯ ದಿನ ಕೈಗೆ ಬಂದದ್ದು ತೇಗದ ಎಲೆಯ ಪೊಟ್ಟಣ, ಹುಲ್ಲಿನಿಂದ ಕಟ್ಟಿದ್ದು. ನಾವು ನಲವತ್ತು ವೀರರು ಅದನ್ನು ಹಿಡಿದು, ಆಯುಧ ಕಳೆದುಕೊಂಡ ಸೈನ್ಯದ ಹಾಗೆ ಅಂಗಳದಲ್ಲಿ ನಿಂತೆವು.

ಮರುದಿನ ಬೆಳಿಗ್ಗೆಯೇ ಓಣಿಯ ಬಾಯಿಯಲ್ಲಿ ಬೋಗುಣಿ ಮಾರುವ ಯತ್ಮಿ ಬಂದಳು.

"ಬು, ಪಾಕ್ ದರ್ಸೊನೊಗೆ ಒಂದು ಬೋಗುಣಿಯ ಯೋಗ್ಯತೆಯೂ ಇರಲಿಲ್ವಾ? ನೂರನೇ ದಿನಕ್ಕೂ ಎಲೆ ಅಂದ್ರೆ ಯಾರೂ ಬರಲ್ಲ, ನೋಡಿ."

ಸುಮಿರಾ ಈರುಳ್ಳಿ ಸುಲಿಯುತ್ತಿದ್ದರು, ಸುಲಿಯುತ್ತಲೇ ಇದ್ದರು. ಗಂಡ ಹೋದಂದಿನಿಂದ ಆ ಮುಖದಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ದಿನಾ ಎರಡು ಲೋಟ ಚಹಾ ಮಾಡುತ್ತಿದ್ದರು. ಒಂದನ್ನು ಕುಡಿದು, ಆರಿಹೋದ ಇನ್ನೊಂದನ್ನು ಮೆಣಸಿನ ಗಿಡಕ್ಕೆ ಸುರಿಯುತ್ತಿದ್ದರು. ಒಮ್ಮೆ ಮಾತ್ರ ನನ್ನ ಹೆಂಡತಿಯನ್ನು ಕೇಳಿದ್ದರಂತೆ:

"ನೂರನೇ ದಿನಕ್ಕೆ ಜನ ಬರ್ತಾರಲ್ವಾ? ಅವರಿಗೆ ಜನ ಅಂದ್ರೆ ಇಷ್ಟ."

ಆದರೂ ಬೋಗುಣಿ ಕೊಳ್ಳಲಿಲ್ಲ. ಇಷ್ಟು ಗಟ್ಟಿಯಾಗಿ ನಿಲ್ಲಬೇಕಾದರೆ ಹಿಂದೆ ಏನೋ ಇರಲೇಬೇಕು ಎಂದು ಓಣಿ ತೀರ್ಮಾನಿಸಿತು. ಸಂತರೊಬ್ಬರು ಕನಸಿನಲ್ಲಿ ಬಂದು ಎಲೆ ತೋರಿಸಿದರು ಎಂದರು ಕೆಲವರು. ದರ್ಸೊನೊ ಅವರೇ ಬಂದರು, ಸೈಕಲ್ ಮೇಲೆ, ಎಂದ ಸುಪಾರ್ಮಾನ್. ಆ ಪೊಟ್ಟಣ ತಿಂದ ಮೇಲೆ ತನ್ನ ಮಂಡಿನೋವು ಹೋಯಿತು ಎಂದೂ ಸೇರಿಸಿದ. ಮಂಡಿನೋವು ಓಣಿಯ ಅರ್ಧ ಜನಕ್ಕಿದೆ.

ನೂರನೆಯ ದಿನ ನಲವತ್ತರ ಜಾಗದಲ್ಲಿ ಅರವತ್ತು ಜನ ಬಂದರು. ಪ್ರಾರ್ಥನೆ ರಸ್ತೆಯವರೆಗೂ ಕೇಳಿಸಿತು. ಅಡುಗೆಮನೆಯಲ್ಲಿ ಎಲೆ ಮಡಿಸುವ ಹೆಂಗಸರ ನಡುವೆ ಯತ್ಮಿಯೂ ಕೂತಿದ್ದಳು. ಪ್ರಾರ್ಥನೆ ಮುಗಿದ ಮೌನದಲ್ಲಿ ಅವಳ ಪ್ರಶ್ನೆ ಪರದೆ ದಾಟಿ ಬಂತು.

"ಇವತ್ತಾದ್ರೂ ಹೇಳಿ ಬು. ಕನಸಲ್ಲಿ ಬಂದೋರು ಯಾರು?"

ಪರದೆಯ ಈಚೆ ನೂರಿಪ್ಪತ್ತು ಕಿವಿಗಳು ಒಟ್ಟಿಗೆ ತಿರುಗಿದವು.

"ಯಾರೂ ಬಂದಿಲ್ಲ, ಯತ್ಮಿ," ಎಂದರು ಸುಮಿರಾ. "ಕಪಾಟು ತೆಗೆದ್ರೆ ಬೋಗುಣಿ ತಲೆ ಮೇಲೆ ಬೀಳ್ತಾವೆ. ಜೋಡಿಸಿಡೋಕೆ ಮುಂಚೆ ನಮ್ಮನೆಯವರಿದ್ರು. ನಿಮ್ಮನೆಗಳಲ್ಲೂ ಬೀಳ್ತಾ ಇರ್ತಾವೆ, ಇನ್ನೊಂದು ಯಾಕೆ ಅಂತ."