ಕನ್ನಡಿಯ ಮೇಲಿನ ಗೀರು

ನನ್ನ ದೂರದರ್ಶಕದ ಕನ್ನಡಿಯ ಮೇಲೆ ಬೆರಳುದ್ದದ ಒಂದು ಗೀರು ಇದೆ. ಯಾರಾದರೂ ಕೇಳಿದರೆ "ಉಜ್ಜುವಾಗ ಆದದ್ದು" ಎಂದು ಮಾತು ಮುಗಿಸಿಬಿಡುತ್ತೇನೆ. ಯಾರಿಂದ ಆದದ್ದು ಎಂದು ಈವರೆಗೆ ಬಾಯಿ ಬಿಟ್ಟಿಲ್ಲ. ಹೇಳಲು ಮುಖವಿಲ್ಲ, ಅದಕ್ಕೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಾವಿಯ ವಡಗಾವಿಯಲ್ಲಿ ಮನೆ, ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ, ದಿನಾ ರೈಲು. ದೂರದರ್ಶಕದ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ಮಾಡಬಹುದೆಂದು ಒಂದು ಹಳೆಯ ಪುಸ್ತಕದಲ್ಲಿ ಓದಿ ನನಗೆ ಹುಚ್ಚು ಹಿಡಿದಿತ್ತು. ಅದಕ್ಕೆ ಎಮರಿ ಪುಡಿ ಬೇಕು, ಗಾಜು ಕಬ್ಬಿಣಗಳನ್ನು ತಿಕ್ಕಿ ಸವೆಸುವ ಗಟ್ಟಿ ಕಲ್ಲಿನ ಪುಡಿ. ನಂದಗಡದ ರಸ್ತೆಯಲ್ಲಿದ್ದ ಗ್ಯಾರೇಜಿಗೆ ಹೋಗಿ, ಯಾತಕ್ಕೆಂದು ಹೇಳಿ ಕೇಳಿದೆ. ಅದೇ ಪುಡಿಯಿಂದ ಇಂಜಿನ್ನಿನ ವಾಲ್ವ್ ಉಜ್ಜುತ್ತ ಕುಳಿತಿದ್ದ ಮಿಸ್ತ್ರಿ, ನನಗಿಂತ ಹತ್ತು ವರ್ಷ ದೊಡ್ಡವರು, ತಲೆ ಎತ್ತಿ ನಕ್ಕರು.

"ಗಾಜಿಗೆ ಗಾಜು ತಿಕ್ಕಿದ್ರ ಚಂದ್ರ ಕಾಣ್ತಾನೇನ್ರಿ ಮಾಸ್ತರ?"

"ಕಾಣ್ತಾನ್ರಿ. ಪುಸ್ತಕದಾಗ ಐತಿ."

"ಹಂಗಾದ್ರ ಇಲ್ಲೇ ತಿಕ್ಕೂಣು ಬರ್ರಿ, ನಾನೂ ಕೈ ಹಾಕ್ತೀನಿ. ಆದ್ರ ಚಂದ್ರನ್ನ ಮೊದಲ ನನಗ ತೋರಸಬೇಕು ಮತ್ತ!"

ಆಗಲಿ ಎಂದು ಮಾತು ಕೊಟ್ಟೆ.

ಆ ಚಳಿಗಾಲ ಪೂರ್ತಿ, ಶಾಲೆ ಬಿಟ್ಟ ಮೇಲೆ ಸಂಜೆಯ ರೈಲಿನವರೆಗೆ, ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನಮ್ಮ ಕೆಲಸ. ಉಸುಕು ತುಂಬಿದ ಡ್ರಮ್ಮಿನ ಮೇಲೆ ಒಂದು ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು, ನಡುವೆ ಪುಡಿ ಮತ್ತು ನೀರು. ಮೇಲಿನದನ್ನು ಹಿಂದೆ ಮುಂದೆ ತಳ್ಳುತ್ತ ಡ್ರಮ್ಮನ್ನು ಸುತ್ತುವುದು. ಮೇಲಿನ ಗಾಜು ನಿಧಾನವಾಗಿ ಒಳಗೆ ತಗ್ಗುತ್ತದೆ, ಅದೇ ಕನ್ನಡಿ. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಪ್ರತಿ ಸಲ ಪುಡಿ ಬದಲಿಸುವಾಗ ಎಲ್ಲವನ್ನೂ ತೊಳೆಯಬೇಕು. ದಪ್ಪ ಪುಡಿಯ ಒಂದೇ ಒಂದು ಕಾಳು ಉಳಿದರೂ ತಿಂಗಳುಗಳ ಕೆಲಸ ಮಣ್ಣುಪಾಲು.

ಮಿಸ್ತ್ರಿ ಪುಡಿಗೊಂದು ಬಕೆಟ್ಟು, ಪುಡಿಗೊಂದು ಅರಿವೆ ಇಟ್ಟಿದ್ದರು. ನಮಾಜಿಗಾಗಿ ದಿನಕ್ಕೆ ಐದು ಸಲ ಮೊಣಕೈವರೆಗೆ ತೊಳೆದುಕೊಳ್ಳುವ ಮನುಷ್ಯ. ಗಾಜು ಮುಟ್ಟುವ ಮೊದಲು ಮತ್ತೊಮ್ಮೆ ತೊಳೆದು, ಉಗುರಿನ ಸಂದಿಗೆ ಬ್ರಷ್ ಹಾಕಿ, ಒಗೆದ ಅಂಗಿ ತೊಟ್ಟು ಬರುತ್ತಿದ್ದರು. ನಾನು? ಕೈ ತೊಳೆಯುತ್ತಿದ್ದೆ, ಅಷ್ಟೇ. ಮೈಮೇಲೆ ಅವ್ವ ಹೆಣೆದ ಸ್ವೆಟರು. ಒಗೆದರೆ ಉಣ್ಣೆ ಸಡಿಲಾಗುತ್ತದೆಂದು ಚಳಿ ಮುಗಿಯುವ ತನಕ ಅದನ್ನು ನೀರಿಗೆ ಹಾಕುವ ಪದ್ಧತಿಯೇ ನಮ್ಮ ಮನೆಯಲ್ಲಿರಲಿಲ್ಲ.

ಕೊನೆಯ ಹಂತ, ರಾಳದ ಮೇಲೆ ಕೆಂಪು ಪುಡಿ ಹಾಕಿ ಹೊಳಪು ಕೊಡುವುದು. ಗಾಜಿನಲ್ಲಿ ಮುಖ ಕಾಣತೊಡಗಿತ್ತು. ಒಂದು ಸಂಜೆ ನನ್ನ ಸರದಿ ಮುಗಿದು ಮಿಸ್ತ್ರಿ ಕೈ ಹಾಕಿದ್ದರಷ್ಟೇ, ಕಿರ್ರ್ ಎಂದಿತು. ಎತ್ತಿ ನೋಡಿದರೆ ಗೀರು. ನನ್ನ ಸಿಟ್ಟು ನೆತ್ತಿಗೇರಿತು.

"ಎಂಥಾ ಮನಷ್ಯಾರೀ ನೀವು! ಕೈ ತೊಳ್ಕೊಳ್ಳಾಕ ಸುದ್ದಾ ಬರೂದಿಲ್ಲೇನು? ಗ್ಯಾರೇಜಿನ ಹೊಲಸು ಕೈಲೆ ಗಾಜು ಮುಟ್ಟಾಕ ಕೊಟ್ಟಿದ್ದ ನಂದ ತಪ್ಪು!"

ಹೊರಗೆ ಕಾಯುತ್ತಿದ್ದ ಗಿರಾಕಿಗಳು ಇಣುಕಿ ನೋಡಿದರು. ಮಿಸ್ತ್ರಿ ತಮ್ಮ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ತೊಳ್ದಿದ್ದೆ ಅಲ್ರೀ ಮಾಸ್ತರ..." ಎಂದರು, ಅದೂ ಮೆಲ್ಲಗೆ. ನಾನು ಕನ್ನಡಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿನ ಹಾದಿ ಹಿಡಿದೆ.

ಮನೆಗೆ ಬಂದು ಸ್ವೆಟರು ಬಿಚ್ಚಿ ಮೂಲೆಗೆ ಎಸೆದೆ. ಅವ್ವ ಅದನ್ನು ಎತ್ತಿ ಮಡಚುತ್ತಿದ್ದಳು.

"ಏನೋ ಇದು, ತೋಳಿನ ಮಡಿಕ್ಯಾಗ ಉಸುಕು ತುಂಬೇತಿ?"

ಕೊಡವಿದಳು. ಕರಿಯ ಕಾಳುಗಳು ಫರಸಿಯ ಮೇಲೆ ಉದುರಿದವು. ಬೆರಳಿಂದ ಒತ್ತಿ ನೋಡಿದೆ. ಮೊದಲ ತಿಂಗಳ ದಪ್ಪ ಪುಡಿ.

ಮರುದಿನ ಹೋಗಿ ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಗ್ಯಾರೇಜು ಶಾಲೆಯ ದಾರಿಯಲ್ಲೇ ಇತ್ತು. ನಾನು ಬಜಾರ ಸುತ್ತಿಕೊಂಡು ಹೋದೆ. ನಾಳೆ ಹೇಳೋಣ, ಸೋಮವಾರ ಹೇಳೋಣ ಎನ್ನುತ್ತ ಇಡೀ ವರ್ಷ ಹಾಗೆಯೇ ಸುತ್ತಿದೆ, ಥೂ ನನ್ನ! ಆಮೇಲೆ ಬೆಳಗಾವಿಗೆ ವರ್ಗವಾಯಿತು; ಬದುಕಿದೆ ಅಂದುಕೊಂಡೆ. ಕನ್ನಡಿಯ ಉಳಿದ ಕೆಲಸ ಮನೆಯಲ್ಲೇ ಮುಗಿಸಿ, ಬೆಳ್ಳಿಯ ಲೇಪ ಹಾಕಿಸಿ, ಕೊಳವೆಗೆ ಕೂಡಿಸಿದೆ. ಚಂದ್ರನನ್ನು ಮೊದಲು ನೋಡಿದವನು ನಾನೇ. ಗೀರಿನಿಂದ ನೋಟಕ್ಕೆ ಕೂದಲೆಳೆಯಷ್ಟೂ ಅಡ್ಡಿಯಾಗಲಿಲ್ಲ. ಚಂದ್ರನ ಕುಳಿಗಳೆಲ್ಲ ಸ್ವಚ್ಛ ಕಂಡವು, ನನಗೆ ಮಾತ್ರ ಖುಷಿಯಾಗಲಿಲ್ಲ.

ಮೂರು ವರ್ಷದ ಮೇಲೆ ಒಂದು ಸಂಜೆ ಮಿಸ್ತ್ರಿ ಮನೆ ಹುಡುಕಿಕೊಂಡು ಬಂದರು, ಮಗಳ ಲಗ್ನದ ಕಾರ್ಡು ಹಿಡಿದು. ಅಂಗಳದಲ್ಲಿ ದೂರದರ್ಶಕ ನಿಂತಿತ್ತು, ಮೇಲೆ ಅರ್ಧ ಚಂದ್ರ. ನೋಡ್ರಿ ಬರ್ರಿ ಎಂದೆ. ಅವರು ಮುಟ್ಟಲಿಲ್ಲ.

"ಮೊದಲ ಕೈಗೆ ನೀರು ಹಾಕ್ರಿ ಮಾಸ್ತರ."

ತಂಬಿಗೆಯಿಂದ ನೀರು ಹಾಕಿದೆ. ಮೊಣಕೈವರೆಗೆ ತೊಳೆದುಕೊಂಡು, ಒರೆಸಿಕೊಂಡು, ಬಗ್ಗಿ ಕಣ್ಣಿಟ್ಟರು. "ಯಾ ಅಲ್ಲಾ, ಖರೇನ ಕಾಣ್ತಾನಲ್ರಿ!" ಎಂದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆವತ್ತ ಎಲ್ಲಿ ತಪ್ಪಿದ್ನೋ ಏನೋ, ಉಗುರಿನಾಗ ಉಳದಿತ್ತು ಕಾಣಸ್ತದ. ನಿಮ್ಮ ಗಾಜು ಕೆಡಿಸಿದೆ. ಮನಸಿನಾಗ ಕುಂತೈತ್ರಿ ಅದು. ಮಾಫ್ ಮಾಡ್ರಿ."

ಈಗಲಾದರೂ ಹೇಳು ಎಂದಿತು ಮನಸ್ಸು. ಸ್ವೆಟರಿನ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಇರಲಿ ಬಿಡ್ರಿ, ಆಗಿದ್ದಾತು" ಎಂದೆ.

ಅವರು ಇನ್ನೂ ಒದ್ದೆಯಿದ್ದ ಕೈಗಳಿಂದ ನನ್ನ ಕೈ ಹಿಡಿದುಕೊಂಡು, "ದೊಡ್ಡ ಮನಸ್ಸು ನಿಮ್ದು, ಮಾಸ್ತರ" ಎಂದರು.