ಗೋಣಿತಟ್ಟಿನ ಮರೆಯಿಂದ ಹೊರಟವರು

ಯಾರಾದರೂ ಭೂತ, ಭ್ರಮೆ ಅಂತ ಕಥೆ ಹೇಳಿದರೆ ನಕ್ಕುಬಿಡುತ್ತಿದ್ದವನು ನಾನು. ಈಗ ನಗುವುದಿಲ್ಲ. ನಂಬುತ್ತೇನೆ ಅಂತಲೂ ಅಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ; ಅದರಲ್ಲಿ ನನ್ನ ಮಾನ ಹೋಗುವ ಸಂಗತಿಯೂ ಇದೆ.

ತೊಂಬತ್ತರ ದಶಕದ ಕೊನೆ. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ನಾನು ಡ್ರಾಫ್ಟ್ಸ್‌ಮನ್. ನನಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದವರು ಅಲ್ಲಿಯ ಸ್ಟೋರ್‌ಕೀಪರ್, ಧಾರವಾಡ ಕಡೆಯ ದೇಸಾಯರು. ದೇಹೂ ರೋಡಿನಾಚೆ ಒಂದು ಕೆರೆಯ ದಂಡೆಯಲ್ಲಿ ಬಿದಿರಿಗೆ ಗೋಣಿತಟ್ಟು ಕಟ್ಟಿ ಮರೆ ಮಾಡಿದ್ದರು. ಒಳಗೆ ಕೂತು ಸೀಳಿನಿಂದ ನೋಡಬೇಕು. "ಇಬ್ಬರು ಒಳಗ ಹೋಗಿ ಒಬ್ಬರು ಹೊರಗ ಬರಬೇಕ್ರಿ. ಹಕ್ಕಿಗೆ ಎಣಿಕಿ ಬರೂದಿಲ್ಲ, ಒಳಗ ಯಾರೂ ಇಲ್ಲಂತ ತಿಳಕೋತದ," ಎನ್ನುತ್ತಿದ್ದರು.

ಆ ಬೇಸಿಗೆ ಮರೆಯ ಎದುರಿಗೇ ಟಿಟ್ಟಿಭ ಹಕ್ಕಿಯೊಂದು ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಮರಿಯಾಗುವವರೆಗೆ ಆ ಕಡೆ ಹೋಗಬಾರದೆಂದು ದೇಸಾಯರು ತಾಕೀತು ಮಾಡಿದ್ದರು. ಒಂದು ಭಾನುವಾರ ಬೆಳಿಗ್ಗೆ ಎರವಲು ತಂದ ಕ್ಯಾಮೆರಾದೊಂದಿಗೆ ನಾನೊಬ್ಬನೇ ಹೋದೆ. ಮೊಟ್ಟೆಗಳಿಗೆ ನೆರಳಾಗಿದ್ದ ಮುಳ್ಳಿನ ಟೊಂಗೆ ಫೋಟೊಕ್ಕೆ ಅಡ್ಡ ಬರುತ್ತಿತ್ತು. ಮುರಿದು ಎಸೆದು ಒಳಗೆ ಕೂತೆ.

ಹಕ್ಕಿ ಮೇಲೆ ಚೀರುತ್ತ ಸುತ್ತಿತೇ ಹೊರತು ಇಳಿಯಲಿಲ್ಲ. ಬಿಸಿಲೇರಿತು. ಮೊಟ್ಟೆ ಬೇಯುತ್ತಿವೆ ಎಂದು ಗೊತ್ತಿತ್ತು. ಆದರೂ ಏಳಲಿಲ್ಲ.

ಆಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. "ಒಬ್ಬರು ಹೋಗಬೇಕಲ್ರಿ." ದೇಸಾಯರ ದನಿ. ತಿರುಗಿದರೆ ಯಾರೂ ಇಲ್ಲ. ಸೀಳಿನಿಂದ ನೋಡಿದೆ. ದೇಸಾಯರು ಬಿಳಿ ಟೊಪ್ಪಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ, ದಂಡೆಯ ಮೇಲೆ ಸಾವಕಾಶ ಹೋಗುತ್ತಿದ್ದರು. ಅವರು ಕೆರೆಯ ಏರಿ ದಾಟಿದ್ದೇ ಹಕ್ಕಿ ಇಳಿದು ಬಂದು ಮೊಟ್ಟೆಯ ಮೇಲೆ ಕೂತಿತು.

ನಾನು ಫೋಟೊ ತೆಗೆದೆ. ಹೌದು, ಆಗಲೂ.

ಅಲ್ಲಿಂದ ಸೀದಾ ಸ್ಕೂಟರ್ ಹೊಡೆದುಕೊಂಡು ಚಿಂಚವಾಡಕ್ಕೆ, ಅವರ ಮನೆಗೆ ಹೋದೆ. "ರಾತ್ರಿಯಿಂದ ಭಾಳ ಜ್ವರಾ ರೀ, ಹಾಸಗಿ ಬಿಟ್ಟು ಎದ್ದಿಲ್ಲ," ಅಂದರು ಅವರ ಹೆಂಡತಿ. ಒಳಗೆ ಹೋದೆ. ದೇಸಾಯರು ಕಣ್ಣು ತೆರೆದರು.

"ಕೂತಿತೇನ್ರಿ ಹಕ್ಕಿ?"

"ಯಾವ ಹಕ್ಕಿ ರೀ? ನಾ ಆ ಕಡೆ ಹೋಗೇ ಇಲ್ಲ," ಅಂದೆ.

ಅವರು ಗೋಡೆಯ ಕಡೆ ಮಗ್ಗುಲಾದರು.

ಕೆಲವು ವಾರಗಳ ನಂತರ ಅವರೇ ಹೇಳಿದರು: "ಮೂರು ಮರಿ ಆಗ್ಯಾವ್ರಿ. ಒಂದು ತತ್ತಿ ಕೆಟ್ಟಿತ್ತು. ಬಿಸಲಿಗೆ ಇರಬೇಕು." ಏನೂ ಗೊತ್ತಿಲ್ಲದವನಿಗೆ ಹೇಳುವ ಹಾಗೆ ಹೇಳಿದರು. ನಾನೂ ಹಾಗೇ ಕೇಳಿಸಿಕೊಂಡೆ.

ದೇಸಾಯರು ತೀರಿಹೋಗಿ ಬಹಳ ವರ್ಷಗಳಾದವು. ಅಂದು ದಂಡೆಯ ಮೇಲೆ ನಡೆದವರು ಯಾರೆಂದು ಅವರೊಬ್ಬರನ್ನೇ ಕೇಳಬಹುದಿತ್ತು. ಹೋಗೇ ಇಲ್ಲವೆಂದು ನಾನೇ ಹೇಳಿದ ಮೇಲೆ ಯಾವ ಬಾಯಿಂದ ಕೇಳಬೇಕಿತ್ತು?