ಪರದೆಯ ಮರೆಯಿಂದ ಸೋಬಾನೆ

ಇಪ್ಪತ್ಮೂರು ವರ್ಷ ತುಂಬುವವರೆಗೆ ನಾನು ನಮ್ಮ ಅತ್ತೆಯ ಹಾಡನ್ನು ಕೇಳಿದ್ದು ಗೋಡೆಯ ಈಚೆಯಿಂದ ಮಾತ್ರ. ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಕೊಯಮತ್ತೂರು ಕಡೆಯ ಕುನ್ನತ್ತೂರಿನಿಂದ ಎರಡು ಮೈಲಿ ಒಳಗೆ, ತೋಟದ ನಡುವಿನ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದವರು. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಿದ್ದರು. ನಮ್ಮವರ ಮದುವೆಗಳಲ್ಲಿ ಹುಡುಗಿಯನ್ನು ಹಸೆಮಣೆಯ ಮೇಲೆ ಕೂರಿಸಿ ಅರಿಸಿನ ಹಚ್ಚುವಾಗ ಮುತ್ತೈದೆಯರು ಸುತ್ತ ನಿಂತು ಸೋಬಾನೆ ಹಾಡುತ್ತಾರೆ. ಗಂಡ ಇಲ್ಲದವರು ಅದನ್ನು ಹಾಡುವಂತಿಲ್ಲ, ಹಸೆಯ ಎದುರಿಗೆ ಬರುವಂತೆಯೂ ಇಲ್ಲ. ಆದರೆ ಸುತ್ತಲ ಏಳೆಂಟು ಹಳ್ಳಿಗಳಲ್ಲಿ ಹಾಡು ಮೊದಲಿನಿಂದ ಕೊನೆಯವರೆಗೆ ಬರುತ್ತಿದ್ದುದು ಅತ್ತೆಗೊಬ್ಬರಿಗೇ. ಹಾಗಾಗಿ ನಮ್ಮ ಹಿರಿಯರು ಒಂದು ಉಪಾಯ ಮಾಡಿಕೊಂಡಿದ್ದರು. ಅತ್ತೆ ಒಳಕೋಣೆಯ ಬಾಗಿಲ ಮರೆಯಲ್ಲಿ ಕೂತು ಸಾಲು ಎತ್ತಿಕೊಡುವುದು, ಹೊರಗಿನವರು ಆ ಸಾಲನ್ನು ಹಿಡಿದು ಹಾಡುವುದು. ಅದಕ್ಕೆ ಯಾರೂ ಅತ್ತೆ ಹಾಡಿದರು ಎನ್ನುತ್ತಿರಲಿಲ್ಲ, ಎತ್ತಿಕೊಟ್ಟರು ಎನ್ನುತ್ತಿದ್ದರು.

ಚಿಕ್ಕಂದಿನಲ್ಲಿ ನನಗೆ ಮದುಮಗಳ ಒಡವೆಗಿಂತ ಆ ಬಾಗಿಲ ಮೇಲೇ ಕಣ್ಣು. ಹೊರಗೆ ಐದಾರು ಹೆಂಗಸರು ಎಷ್ಟು ಜೋರಾಗಿ ಹಾಡಿದರೂ ಒಳಗಿನ ಆ ಒಂದು ದನಿ ಅವರೆಲ್ಲರ ಕೆಳಗಿನಿಂದ ಹರಿದು ಬರುತ್ತಿತ್ತು. ನೋಡಬೇಕೆಂದು ನಾನು ಒಳಗೆ ನುಗ್ಗಿದರೆ ಹಾಡು ನಿಂತುಹೋಗುತ್ತಿತ್ತು. "ಹೊರಗ್ಹೋಗಿ ಕೂತ್ಕೋ ಅಮ್ಮಿಣಿ, ಅಲ್ಲೇ ಚೆನ್ನಾಗಿ ಕೇಳ್ಸುತ್ತೆ" ಎಂದು ಅತ್ತೆ, ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ ಕರೆದು, ನನ್ನನ್ನು ಹೊರಗೆ ಕಳಿಸುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಕೊಯಮತ್ತೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಂಜೆ ಹೊತ್ತು ಊರಿನ ಕನ್ನಡ ಸಂಘದ ಕೆಲಸ. ಸಂಘ ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಕರ್ನಾಟಕದಿಂದ ವರ್ಗವಾಗಿ ಬಂದವರು. ಅವರ ಕನ್ನಡ ಇಸ್ತ್ರಿ ಮಾಡಿದ ಅಂಗಿಯಂತೆ ಗರಿಗರಿ. ನಮ್ಮದು ತಲೆತಲಾಂತರದಿಂದ ಇಲ್ಲೇ ಬೇರೂರಿದ ಮನೆತನ. ಅರ್ಧ ತಮಿಳು ಕಲಸಿದ, ರಾಗ ಪೂರ್ತಿ ತಮಿಳೇ ಆದ ಮನೆಗನ್ನಡ ನಮ್ಮದು. ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಾನೊಬ್ಬಳು ಸಂಘದ ಭಾನುವಾರದ ತರಗತಿಯಲ್ಲಿ ಕೂತು ಕಾಗುಣಿತ ಕಲಿತಿದ್ದೆ, ಅಷ್ಟಕ್ಕೇ ದೊಡ್ಡ ಪಂಡಿತೆಯಂತೆ ಬೀಗುತ್ತಿದ್ದೆ. ಸಂಘದ ವಾರ್ಷಿಕೋತ್ಸವಕ್ಕೆ ಅವಿನಾಶಿ, ಕುನ್ನತ್ತೂರು ಕಡೆಯ ನಮ್ಮವರೂ ಬಸ್ಸು ಹತ್ತಿ ಬರುತ್ತಿದ್ದರು. ನಾಟಕ ಅರ್ಧ ಅರ್ಥವಾಗದಿದ್ದರೂ ಹಿಂದಿನ ಸಾಲುಗಳಲ್ಲಿ ಕೂತು, ಮುಂದಿನವರು ನಕ್ಕಾಗ ತಾವೂ ನಕ್ಕು ಹೋಗುತ್ತಿದ್ದರು. ನನಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಸಮಿತಿಯಲ್ಲಿ ನಾನು ಸೋಬಾನೆಯ ಮಾತೆತ್ತಿದೆ. ಕಾರ್ಯದರ್ಶಿಗಳು ಬ್ಯಾಂಕಿನ ಅಧಿಕಾರಿ, ಒಳ್ಳೆಯವರೇ, ಆದರೆ ಕೈಗಡಿಯಾರ ನೋಡದೆ ಉಸಿರಾಡುವವರಲ್ಲ. "ಭಾಷೆ ಸ್ವಲ್ಪ ಮಿಶ್ರವಾಗಿದೆಯಲ್ಲಮ್ಮ, ಸಭಿಕರು ಏನೆಂದುಕೊಳ್ಳುತ್ತಾರೆ?" ಎಂದರು. ನಾನು ವಾದಿಸಿ ವಾದಿಸಿ ಹದಿನೈದು ನಿಮಿಷ ಗಿಟ್ಟಿಸಿಕೊಂಡೆ. ಹದಿನೈದನೇ ನಿಮಿಷಕ್ಕೆ ಗಂಟೆ, ಆಮೇಲೆ ನಾಟಕ.

ಊರಿಗೆ ಹೋಗಿ ಅತ್ತೆಯ ಎದುರು ನೋಟುಬುಕ್ಕು ಬಿಚ್ಚಿ ಕೂತೆ. ಅವರು ಮೂರು ಸಾಲು ಹೇಳಿ ನಿಲ್ಲಿಸಿದರು. "ಮುಂದಕ್ಕೆ ಏನು? ಹೆಣ್ಣಿಗೆ ಎಣ್ಣೆ ಇಟ್ಟಾಯ್ತಾ, ಇಲ್ವಾ?" ಎಂದು ನನ್ನನ್ನೇ ಕೇಳಿದರು. ಎಣ್ಣೆ ಇಡದೆ ಎಣ್ಣೆಯ ಹಾಡು ಅವರಿಗೆ ನೆನಪಿಗೇ ಬರುತ್ತಿರಲಿಲ್ಲ. ನಾನು ನಕ್ಕು ಬುಕ್ಕು ಮುಚ್ಚಿದೆ. ಮದುವೆ ಇಲ್ಲದೆ ಮನೆಯಲ್ಲಿ ಸುಮ್ಮನೆ ಸೋಬಾನೆ ಹಾಡಬಾರದಂತೆ, ಆದ್ದರಿಂದ ಅಭ್ಯಾಸವೂ ನಡೆಯಲಿಲ್ಲ. ಸಭೆಯೆಂದರೆ ದೀಪ ಹಚ್ಚಿರುತ್ತಾರೆ, ಅಲ್ಲಿ ಪರವಾಗಿಲ್ಲ ಎಂದು ಅವರೇ ಒಂದು ತೀರ್ಮಾನಕ್ಕೆ ಬಂದರು. ಹಾಡಲು ನಮ್ಮ ನೆಂಟರಲ್ಲೇ ಐದು ಜನ ಹೆಂಗಸರು ಒಪ್ಪಿದರು.

"ನಾ ಮುಂದಕ್ಕೆ ಬರೋಳಲ್ಲ ಅಮ್ಮಿಣಿ. ಪಕ್ಕದಲ್ಲಿ ನಿಂತ್ಕೊಂಡು ಎತ್ತಿಕೊಡ್ತೀನಿ, ಅಷ್ಟೇ" ಎಂದರು ಅತ್ತೆ.

ಅತ್ತೆ ಮುಂದಕ್ಕೆ ಬರಕೂಡದು ಎಂದು ನನ್ನ ತಾಯಿಯೂ ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ತಾಯಿ ಕೊಯಮತ್ತೂರಿನಲ್ಲೇ ಹುಟ್ಟಿ ಕಾಲೇಜು ಮೆಟ್ಟಿಲು ಹತ್ತಿದವರು, ಮಡಿ ಮೈಲಿಗೆಯನ್ನು ನಕ್ಕು ತಳ್ಳುವವರು. ಆದರೆ ಆಗ ನನಗೆ ಪೊಳ್ಳಾಚಿ ಕಡೆಯ ಗಂಡು ಗೊತ್ತಾಗಿತ್ತು, ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ಮಗಳ ಮದುವೆ ಗೊತ್ತಾದ ದಿನದಿಂದ ತಾಯಿಗೆ ಹಲ್ಲಿಯ ಶಬ್ದವೂ ಶಕುನವಾಗಿ ಕೇಳಿಸುತ್ತಿತ್ತು.

ವಾರ್ಷಿಕೋತ್ಸವದ ಸಂಜೆ ಶಾಲೆಯೊಂದರ ಸಭಾಂಗಣ ತುಂಬಿ ಹೋಗಿತ್ತು. ಹಲಗೆಯ ವೇದಿಕೆ, ನೀಲಿ ಪರದೆ, ನಡುನಡುವೆ ಕೀರಲು ದನಿ ಹೊರಡಿಸುವ ಮೈಕು. ನಾನು ಎಲ್ಲವನ್ನೂ ಲೆಕ್ಕದ ಮೇಷ್ಟ್ರ ಹಾಗೆ ಜೋಡಿಸಿದ್ದೆ. ನಡುವೆ ರಂಗೋಲಿ, ಅದರ ಮೇಲೆ ಮಣೆ, ಮಣೆಯ ಮೇಲೆ ಚಂದಕ್ಕೆಂದು ಹಿತ್ತಾಳೆ ದೀಪ, ಪಕ್ಕದಲ್ಲಿ ಅರಿಸಿನದ ಬಟ್ಟಲು. ಅತ್ತೆ ಬಿಳಿ ಸೀರೆಯ ಸೆರಗನ್ನು ಹೊದ್ದು ಪಕ್ಕದ ಪರದೆಯ ಹಿಂದೆ ಒಂದು ಮರದ ಕುರ್ಚಿಯಲ್ಲಿ ಕೂತರು. ಅಲ್ಲಿಂದ ವೇದಿಕೆಗೆ ಹತ್ತು ಹೆಜ್ಜೆ. ಸಭಿಕರಿಗೆ ಅವರು ಕಾಣುತ್ತಿರಲಿಲ್ಲ.

ಹೆಂಗಸರು ದೇವರ ಹಾಡನ್ನು ಚೆನ್ನಾಗಿಯೇ ಮುಗಿಸಿದರು. ಹೆಣ್ಣನ್ನು ಹಸೆಗೆ ಕರೆಯುವ ಹಾಡು ಬಂತು ನೋಡಿ, ಐದೂ ಜನ ಒಟ್ಟಿಗೆ ನಿಂತರು. ಮಣೆಯನ್ನು ನೋಡಿದರು, ದೀಪವನ್ನು ನೋಡಿದರು, ನನ್ನನ್ನು ನೋಡಿದರು. ಅತ್ತೆ ಪರದೆಯ ಹಿಂದಿನಿಂದ ಕೇಳಿದರು, "ಹೆಣ್ಣೆಲ್ಲಿ?"

ನಾನು ಮೈಕಿನಿಂದ ಗುಂಡುಸೂಜಿಯವರೆಗೆ ಎಲ್ಲ ತಂದಿದ್ದೆ, ಹೆಣ್ಣನ್ನು ತರಲು ಮರೆತಿದ್ದೆ. ಅಲ್ಲಿ ಸಿದ್ಧವಾಗಿದ್ದವಳು ನಾನೊಬ್ಬಳೇ. ಎದೆಯ ಮೇಲೆ ಸಂಘದ ಬ್ಯಾಡ್ಜು ಹಾಗೇ ಇತ್ತು. ದೀಪ ಪಕ್ಕಕ್ಕಿಟ್ಟು ಮಣೆಯ ಮೇಲೆ ಕೂತೆ. ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು, ಹೆಂಗಸರ ಮುಖವೂ ಸಡಿಲವಾಯಿತು. ಅರಿಸಿನ ಕೆನ್ನೆಗೆ ಬಿತ್ತು, ಅದರ ಹಿಂದೆಯೇ ಹಾಡು ಬಂತು. ಎಣ್ಣೆಗೊಂದು, ನೀರಿಗೊಂದು, ಹೂ ಮುಡಿಸಲಿಕ್ಕೆ ಒಂದು. ಅತ್ತೆ ಮೆಲ್ಲಗೆ ಎತ್ತಿಕೊಡುತ್ತಿದ್ದರು, ಇವರು ಹಿಡಿಯುತ್ತಿದ್ದರು. ಮೊದಲ ಸಾಲಿನಲ್ಲಿ ತಾಯಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ನಿಶ್ಚಯವಾದ ಮಗಳು ಮದುವೆಗೆ ಮೊದಲೇ ಯಾವುದೋ ವೇದಿಕೆಯಲ್ಲಿ ಹಸೆ ಏರಿದ್ದು ಅವರಿಗೆ ಸುತರಾಂ ಹಿಡಿಸಿರಲಿಲ್ಲ.

ಕೊನೆಯ ಹಾಡು ಹೊಸಿಲಿನದು. ಹೆಣ್ಣು ತವರಿನ ಹೊಸಿಲು ದಾಟಿ, ದಾರಿ ನಡೆದು, ಗಂಡನ ಮನೆಯ ಹೊಸಿಲು ದಾಟಿ, ಅಲ್ಲಿ ದೀಪ ಹಚ್ಚುವವರೆಗೆ ಅದು ಸಾಗುತ್ತದೆ. ಒಮ್ಮೆ ಹಿಡಿದರೆ ನಡುವೆ ಬಿಡುವಂತಿಲ್ಲ. ಬಿಟ್ಟರೆ ಆ ಹುಡುಗಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದು ನಮ್ಮವರ ನಂಬಿಕೆ. ಕಾರ್ಯದರ್ಶಿಗಳಿಗೆ ಅದು ಹೇಗೆ ಗೊತ್ತಿರಬೇಕು? ತವರಿನ ಹೊಸಿಲ ಮೇಲೆ ಹೆಣ್ಣಿನ ಕಾಲಿರುವಾಗಲೇ ಅವರು ಟಣ್ಣನೆ ಗಂಟೆ ಬಾರಿಸಿದರು.

ಹೆಂಗಸರು ಬೆಚ್ಚಿಬಿದ್ದರು. ಪಟ್ಟಣದ ದೊಡ್ಡವರು ಸಾಕು ಎಂದಿದ್ದಾರೆ ಎಂದುಕೊಂಡು ಕೈಮುಗಿದು ಒಬ್ಬರ ಹಿಂದೊಬ್ಬರು ಮೂಲೆಗೆ ಸರಿದರು. ನಡುವೆ ನಾನೊಬ್ಬಳು, ಕೆನ್ನೆಯ ತುಂಬ ಅರಿಸಿನ ಹಚ್ಚಿಕೊಂಡು ಕೂತಿದ್ದೆ. ಪರದೆ ಎಳೆಯುವವನು ಹಗ್ಗಕ್ಕೆ ಕೈಹಾಕಿದ.

ಆಗ ಅತ್ತೆ ಮುಂದಿನ ಸಾಲನ್ನು ಎತ್ತಿಕೊಟ್ಟರು. ಯಾರೂ ಹಿಡಿಯಲಿಲ್ಲ. ಇನ್ನೊಮ್ಮೆ ಎತ್ತಿಕೊಟ್ಟರು, ಸ್ವಲ್ಪ ಜೋರಾಗಿ. ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ಹಿಡಿಯುವವರಿಲ್ಲದಿದ್ದರೆ ಅದು ಎತ್ತಿಕೊಡುವುದಲ್ಲ, ಹಾಡುವುದೇ. ಹಸೆಯ ಮೇಲೆ ಮದುವೆ ಗೊತ್ತಾದ ಹುಡುಗಿ ಕೂತಿದ್ದಾಳೆ, ಅವಳೆದುರು ಗಂಡ ಇಲ್ಲದವರು ಸೋಬಾನೆ ಹಾಡಿದ ಹಾಗಾಗುತ್ತದೆ. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಕುರ್ಚಿಯಿಂದ ಎದ್ದರು. ಪರದೆಯ ಅಂಚು ಹಿಡಿದು ಮೊದಲ ಸಾಲಿನಲ್ಲಿದ್ದ ನನ್ನ ತಾಯಿಯನ್ನು ನೋಡಿದರು. ಆಮೇಲೆ ಅದೇ ಸಾಲನ್ನು ಮೂರನೆಯ ಸಲ, ತುಂಬುಗಂಟಲಲ್ಲಿ ಹಾಡಿ ನಿಲ್ಲಿಸಿದರು. ಸೋಬಾನೆಯಲ್ಲಿ ಪ್ರತಿ ಸಾಲಿಗೂ ಸುತ್ತ ನಿಂತವರು ಸೋಬಾನೆ ಎಂದು ಓಗೊಡಬೇಕು, ಆಗಲೇ ಮುಂದಿನ ಸಾಲು.

"ಸೋಬಾನೇ" ಎಂದು ಓಗೊಟ್ಟದ್ದು ನನ್ನ ತಾಯಿ. ಶ್ರುತಿ ಇಲ್ಲ, ರಾಗ ಇಲ್ಲ, ಗಂಟಲು ಒಡೆದಿತ್ತು. ಅವರು ಹಾಡಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ಹಿಂದಿನ ಸಾಲುಗಳ ಹೆಂಗಸರೂ ಎದ್ದರು. ಎರಡನೆಯ ಓಗೊಡುವಿಕೆ ನೂರಾರು ಬಾಯಿಂದ ಬಂತು.

ಅತ್ತೆ ಆ ಹತ್ತು ಹೆಜ್ಜೆ ನಡೆದು ಬಂದು ನನ್ನೆದುರು ನಿಂತರು. ಮೈಕಿನ ಕಡೆ ತಿರುಗಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ತೋಟದಲ್ಲಿ ಮೋಟಾರು ಹಾಕಿದಾಗ ಪೈಪು ಮೊದಲು ನಾಲ್ಕು ಸಲ ಗಾಳಿ ಕಕ್ಕಿ, ಆಮೇಲೆ ಒಮ್ಮೆಲೇ ನೀರು ನುಗ್ಗುತ್ತದಲ್ಲ, ಹಾಗೆ ಬಂತು ಆ ದನಿ. ಅವರು ಹಾಡುತ್ತಿದ್ದಂತೆ ನನ್ನ ಕಾಲ ಕೆಳಗಿನ ಹಲಗೆ ದಾರಿಯಾಯಿತು ಎಂದರೆ ನಂಬುತ್ತೀರಾ? ಬೇಲಿ, ಬಾವಿ, ಎಡಕ್ಕೆ ತಿರುಗುವ ಗಾಡಿದಾರಿ, ಎದುರು ಬರುವ ದನಗಳು, ಎಲ್ಲವೂ ಹಾಡಿನಲ್ಲಿದ್ದವು, ಎಲ್ಲವೂ ಕಂಡವು. ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು, ಹುಬ್ಬು ಮೇಲೇರುತ್ತಿತ್ತು. ಕಣ್ಣನ್ನು ಒಮ್ಮೆಯೂ ನನ್ನ ಮುಖದಿಂದ ತೆಗೆಯಲಿಲ್ಲ. ಇಷ್ಟು ದೊಡ್ಡದೊಂದು ಸಂಗತಿಯನ್ನು ನಾವು ಇಷ್ಟು ವರ್ಷ ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿದ್ದೆವಲ್ಲ ಎಂದು ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಬಣ್ಣ ಹಚ್ಚಿಕೊಂಡ ನಾಟಕದವರು ಪಕ್ಕದಲ್ಲಿ ಬಾಯಿಬಿಟ್ಟು ನಿಂತಿದ್ದರು. ಕಾರ್ಯದರ್ಶಿಗಳು ಗಂಟೆಯನ್ನು ಕೆಳಗಿಟ್ಟಿದ್ದರು. ಹಾಡಿನ ಹೆಣ್ಣು ದೀಪ ಹಚ್ಚುವವರೆಗೆ ಎಷ್ಟು ಹೊತ್ತಾಯಿತೋ, ಅವತ್ತು ಅವರು ಕೈಗಡಿಯಾರ ನೋಡಲಿಲ್ಲ.

ಮುಗಿದ ಮೇಲೆ ಅತ್ತೆ ಹಿಂದಕ್ಕೆ ಹೋಗಿ ಕುರ್ಚಿಯಲ್ಲಿ ಕೂತರು. ಲೋಟದ ನೀರನ್ನು ಒಂದೇ ಸಲಕ್ಕೆ ಕುಡಿದು ಮುಗಿಸಿದರು. ನಾನು ಅವರೆದುರು ನಿಂತು ಒಂದು ಭಾಷಣವನ್ನೇ ಬಿಗಿದೆ. ಇನ್ನು ಯಾವ ಗೋಡೆಯೂ ಬೇಡ, ಇವತ್ತಿಗೆ ಎಲ್ಲ ಮುರಿದುಬಿತ್ತು ಎಂದೆಲ್ಲ ಹೇಳಿದೆ. ಅದನ್ನು ಮುರಿದವಳು ನಾನೇ ಎಂಬ ಹಮ್ಮು ನನಗೆ. ಅತ್ತೆ "ಚೆನ್ನಾಗಿರು" ಎಂದಷ್ಟೇ ಹೇಳಿ, ಏಳೂವರೆಯ ಬಸ್ಸಿಗೆಂದು ಚೀಲ ಎತ್ತಿಕೊಂಡರು. ತಾಯಿಯನ್ನು ಯಾಕೆ ಓಗೊಟ್ಟಿರಿ ಎಂದು ಕೇಳಿದರೆ, "ಗಂಟಲು ಕೆರೀತಿತ್ತು" ಎಂದರು. ಇವತ್ತಿಗೂ ಅವರ ಉತ್ತರ ಅದೇ.

ತೈ ತಿಂಗಳಲ್ಲಿ ನನ್ನ ಮದುವೆಯಾಯಿತು. ಅತ್ತೆ ಮತ್ತೆ ಒಳಕೋಣೆಯ ಬಾಗಿಲ ಮರೆಗೇ ಹೋಗಿ ಕೂತರು. ತಾಯಿಯೇ ಹೋಗಿ "ಬನ್ನಿ ಅಕ್ಕಾ, ಎದುರಿಗೇ ಹಾಡಿ" ಎಂದು ಕರೆದರೂ ಬರಲಿಲ್ಲ. ನನಗೆ ಸಿಟ್ಟು ಬಂತು. ಅಷ್ಟು ಜನರೆದುರು ಹಾಡಿದವರು ಈಗ ಹಿಂಜರಿಯುವುದೇ ಎಂದು ಮದುಮಗಳ ಮುಖ ಊದಿಸಿಕೊಂಡು ಕೂತೆ.

ಎರಡು ವರ್ಷದ ಹೊತ್ತಿಗೆ ನನಗೆ ಮಗಳು ಹುಟ್ಟಿದಳು. ಹೆಸರಿಡುವ ಶಾಸ್ತ್ರಕ್ಕೆ ಅತ್ತೆ ಸೊಸೆಯನ್ನು ಕರೆದುಕೊಂಡು ಕೊಯಮತ್ತೂರಿಗೆ ಬಂದರು. ಅದು ಶುಕ್ರವಾರ. ಸಂಜೆ ಎಲೆ ಹಾಕಿ ಬಡಿಸುವಾಗ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು, "ಇವತ್ತಿಗೆ ಬಿಟ್ಟರು ನೋಡಿ. ಎರಡು ವರ್ಷದಿಂದ ಶುಕ್ರವಾರ ಆದ್ರೆ ಒಪ್ಪತ್ತು. ನಿಮ್ಮ ಮಡಿಲು ತುಂಬೋವರೆಗೂ ಅಂತ ಹರಕೆ." ಎಂದಿನಿಂದ ಎಂದು ಕೇಳಿದೆ. ಸಂಘದಲ್ಲಿ ಹಾಡಿ ಬಂದ ವಾರದಿಂದ ಎಂದಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರಂತೆ.

ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಅವರಿಗೆ ಧೈರ್ಯ ಬಂದಿದ್ದು ನಂಬಿಕೆ ಬಿಟ್ಟದ್ದರಿಂದ ಎಂದು ನಾನು ಎರಡು ವರ್ಷ ಅಂದುಕೊಂಡಿದ್ದೆ. ಅವರು ನಂಬಿಕೆಯಲ್ಲಿ ಒಂದೆಳೆಯನ್ನೂ ಬಿಟ್ಟಿರಲಿಲ್ಲ. ನನಗೆ ಕೆಡುಕಾಗಬಹುದು ಎಂದು ಹೆದರಿ ಹೆದರಿಯೇ ಅಷ್ಟು ದೊಡ್ಡದಾಗಿ ಹಾಡಿದ್ದರು.

ತುಪ್ಪದ ಗಿಂಡಿ ಹಿಡಿದು ಅವರ ಎಲೆಯ ಮುಂದೆ ನಿಂತೆ. "ಅಷ್ಟು ಭಯ ಇತ್ತಲ್ಲ ಅತ್ತೆ, ಮತ್ಯಾಕೆ ಹಾಡಿದಿರಿ?"

ಅವರು ಸೊಸೆಯನ್ನೊಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಒಬ್ಬಟ್ಟು ಮುರಿಯುತ್ತ, "ನಡುವಲ್ಲಿ ನಿಂತುಹೋಯ್ತಲ್ಲ ಅಮ್ಮಿಣಿ. ನಿನ್ನ ಹೊಸಿಲ ಮೇಲೇ ನಿಲ್ಸಿಬಿಟ್ಟು ನಾ ಬಸ್ಸು ಹತ್ಲಾ?" ಎಂದರು. "ಬರೋದು ನನಗೇ ಬರ್ಲಿ ಅಂತ ದೇವ್ರನ್ನ ಕೇಳ್ಕೊಂಡೆ. ತುಪ್ಪ ಹಾಕು."